ಗೋದಾಮಿಗೆ ಬಿಟ್ಟ ತೆರಿಗೆಯ ಲೆಕ್ಕ ಎಲ್ಲಿದೆ?

ಪ್ರಶ್ನೆ: ಅಮೆರಿಕದ ಒಂದು ಸಣ್ಣ ನಗರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಊರಾಚೆ ಬಂದ ದೊಡ್ಡ ಗೋದಾಮಿಗೆ 10 ವರ್ಷ ಆಸ್ತಿ ತೆರಿಗೆ ವಿನಾಯಿತಿ ಕೊಟ್ಟಿದ್ದಾರಂತೆ. ನನ್ನ ಮನೆ ತೆರಿಗೆ ಮಾತ್ರ ಏರುತ್ತಲೇ ಇದೆ. ನಗರದ ಬಜೆಟ್ ಪೂರ್ತಿ ಓದಿದೆ, ವಿನಾಯಿತಿಯ ಸುದ್ದಿಯೇ ಇಲ್ಲ. ಮುಚ್ಚಿಟ್ಟಿದ್ದಾರಾ?

ಉತ್ತರ: ಹಾಗೇನೂ ಇರಬೇಕಿಲ್ಲ. ಬಜೆಟ್‌ನಲ್ಲಿ ಇರುವುದು ಬರುವ ಹಣ, ಹೋಗುವ ಹಣ. ವಿನಾಯಿತಿ ಅಂದರೆ ಬರಬೇಕಾಗಿದ್ದೂ ಬಾರದ ಹಣ. ಅದಕ್ಕೆ ಸಾಮಾನ್ಯವಾಗಿ ಅಲ್ಲಿ ಜಾಗವೇ ಇರುವುದಿಲ್ಲ. ಗೋದಾಮಿಗೆ ಚೆಕ್ ಬರೆದು ಕೊಟ್ಟಿದ್ದರೆ ವರ್ಷ ವರ್ಷ ಬಜೆಟ್ ಚರ್ಚೆಯಲ್ಲಿ ಅದು ಮೇಲೆ ಬರುತ್ತಿತ್ತು. ವಿನಾಯಿತಿಗೆ ಒಮ್ಮೆ ಮತ ಹಾಕಿ ಒಪ್ಪಿದರೆ ಮುಗೀತು.

ನೀವು ನೋಡಬೇಕಾದ್ದು ಆಡಿಟ್ ಆದ ವಾರ್ಷಿಕ ಹಣಕಾಸು ವರದಿ. ಅದರ ಟಿಪ್ಪಣಿಗಳಲ್ಲಿ ‘ಟ್ಯಾಕ್ಸ್ ಅಬೇಟ್‌ಮೆಂಟ್’ (ತೆರಿಗೆ ವಿನಾಯಿತಿ) ಎಂಬ ತಲೆಬರಹ ಹುಡುಕಿ. ಸರ್ಕಾರಿ ಲೆಕ್ಕಪತ್ರಕ್ಕೆ ನಿಯಮ ಮಾಡುವ ‘ಗ್ಯಾಸ್ಬಿ’ ಮಂಡಳಿ 2015ರಲ್ಲಿ ತನ್ನ 77ನೇ ನಿಯಮ ತಂದಿತು. ಆ ವರ್ಷ ಎಷ್ಟು ಡಾಲರ್ ಬಿಟ್ಟುಕೊಟ್ಟರು, ವಿನಾಯಿತಿ ಪಡೆದವರು ಏನು ಮಾಡಬೇಕು, ಮಾತು ತಪ್ಪಿದರೆ ಹಣ ವಾಪಸ್ ಪಡೆಯಬಹುದೇ ಎಂಬುದನ್ನೆಲ್ಲ ಅದರಂತೆ ಹೇಳಬೇಕು. ಆದರೆ ಕಂಪನಿಯ ಹೆಸರು ಹೇಳಲೇಬೇಕೆಂದಿಲ್ಲ! ಹಲವು ಒಪ್ಪಂದಗಳನ್ನು ಕೂಡಿಸಿ ಒಂದೇ ಮೊತ್ತ ಬರೆದರೂ ನಡೆಯುತ್ತದೆ. ಎಲ್ಲ ರಾಜ್ಯಗಳೂ ಸಣ್ಣ ಊರುಗಳಿಗೆ ಈ ನಿಯಮವನ್ನು ಕಡ್ಡಾಯ ಮಾಡಿಲ್ಲ, ಹಾಗಾಗಿ ಟಿಪ್ಪಣಿ ಸಿಗದೆಯೂ ಇರಬಹುದು.

ಆಗ ಶಾಲಾ ಡಿಸ್ಟ್ರಿಕ್ಟ್‌ನ, ಅಂದರೆ ಆಸ್ತಿ ತೆರಿಗೆಯಲ್ಲಿ ಪಾಲು ಪಡೆದು ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ, ವರದಿ ತೆಗೆಯಿರಿ. ಇದನ್ನು ಬಹಳ ಜನ ನೋಡುವುದೇ ಇಲ್ಲ. ವಿನಾಯಿತಿ ಕೊಡುವವರು ಒಬ್ಬರು, ಹಣ ಕಳೆದುಕೊಳ್ಳುವವರು ಇನ್ನೊಬ್ಬರು ಆಗಿರುವುದು ಇಲ್ಲಿ ಮಾಮೂಲು. ಬೇರೆಯವರ ಒಪ್ಪಂದದಿಂದ ತಮಗೆ ಎಷ್ಟು ಖೋತಾ ಆಯಿತು ಎಂದು ಶಾಲೆಯವರೂ ಅದೇ ನಿಯಮದಡಿ ತೋರಿಸಬೇಕು. ಉದಾಹರಣೆಗೆ, ಲೂಯಿಸಿಯಾನಾ ರಾಜ್ಯದಲ್ಲಿ ಕಾರ್ಖಾನೆಗಳಿಗೆ ವಿನಾಯಿತಿ ಕೊಡುತ್ತಿದ್ದುದು ರಾಜ್ಯದ ಮಂಡಳಿ. 2016ರಲ್ಲಿ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಸ್ಥಳೀಯರ ಒಪ್ಪಿಗೆಯೂ ಬೇಕೆಂದರು. 2019ರ ಜನವರಿಯಲ್ಲಿ ಅಲ್ಲಿನ ಈಸ್ಟ್ ಬ್ಯಾಟನ್ ರೂಜ್ ಶಾಲಾ ಮಂಡಳಿ ಎಕ್ಸಾನ್ ಮೊಬಿಲ್‌ನಂಥ ದೊಡ್ಡ ತೈಲ ಕಂಪನಿಯ ಅರ್ಜಿಗೇ ಇಲ್ಲ ಎಂದುಬಿಟ್ಟಿತು. ಕಳೆದುಕೊಳ್ಳುವವರ ಕೈಗೆ ಮತ ಕೊಟ್ಟರೆ ಪ್ರಶ್ನೆಗಳು ತಾನಾಗಿ ಏಳುತ್ತವೆ, ಅಲ್ವಾ?

ಗೋದಾಮಿನ ಒಪ್ಪಂದವೇ ಬೇಕಿದ್ದರೆ ನಿಮ್ಮ ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನಡಿ ನಗರದ ಕ್ಲರ್ಕ್‌ಗೆ ಅರ್ಜಿ ಹಾಕಿ. ನಮ್ಮ ಆರ್‌ಟಿಐ ಇದ್ದ ಹಾಗೆಯೇ. ಫೆಡರಲ್, ಅಂದರೆ ಕೇಂದ್ರದ, ಮಾಹಿತಿ ಕಾನೂನಿನ ಹೆಸರಲ್ಲಿ ಕೇಳಬೇಡಿ, ಅದು ನಗರಗಳಿಗೆ ಅನ್ವಯಿಸುವುದಿಲ್ಲ. ಒಪ್ಪಂದದ ಜೊತೆಗೆ, ಇಷ್ಟು ಜನರಿಗೆ ಕೆಲಸ ಕೊಟ್ಟೆವು ಎಂದು ಕಂಪನಿ ವರ್ಷ ವರ್ಷ ಸಲ್ಲಿಸಿದ ಲೆಕ್ಕವನ್ನೂ ಕೇಳಿ. ನನಗೆ ಜಾಸ್ತಿ ಮುಖ್ಯ ಅನಿಸುವುದು ಇದೇ. ಆ ಲೆಕ್ಕವನ್ನು ಯಾರಾದರೂ ತಾಳೆ ನೋಡಿದ್ದಾರಾ, ಅಥವಾ ಸುಮ್ನೆ ಫೈಲಿಗೆ ಸೇರಿಸಿದ್ದಾರಾ?

ನಿಮ್ಮ ತೆರಿಗೆ ಏರಿದ್ದಕ್ಕೆ ಗೋದಾಮೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಮನೆಯ ಮೌಲ್ಯ ಹೆಚ್ಚಾಗಿರಬಹುದು, ಶಾಲೆಯ ತೆರಿಗೆ ದರ ಏರಿರಬಹುದು. ಹಿಂದಿನ ವರ್ಷದ ಬಿಲ್ ಪಕ್ಕಕ್ಕಿಟ್ಟುಕೊಂಡು ಮೌಲ್ಯ, ದರ ಎರಡನ್ನೂ ಹೋಲಿಸಿದರೆ ಯಾವುದು ಎಂದು ಗೊತ್ತಾಗುತ್ತದೆ.