ಕಿಟಕಿ ಇದ್ದರೂ ಮಬ್ಬು: ಮನೆಯ ಬೆಳಕಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 30–40ರ ನಿವೇಶನದಲ್ಲಿ ಕಟ್ಟಿಸಿದ ಮನೆ. ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದ ಮೇಲೆ ನಡುಮನೆಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೂ ದೀಪ ಹಾಕಬೇಕಾಗಿದೆ. ಛಾವಣಿಗೆ ಆರು ಎಲ್‌ಇಡಿ ದೀಪಗಳನ್ನು ಕೂರಿಸಿದರೂ, ದಿನವಿಡೀ ಮನೆಯಲ್ಲೇ ಇರುವ ಅಮ್ಮ ‘ಮೋಡ ಕವಿದ ಹಾಗಿದೆ’ ಎನ್ನುತ್ತಾರೆ. ಇನ್ನೆಷ್ಟು ದೀಪ ಹಾಕಿಸಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ದೀಪ ಹೆಚ್ಚಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಮನೆಯಲ್ಲಿ ಬೆಳಕು ಸಾಲುತ್ತದೆಯೇ ಎಂಬುದನ್ನು ಅಲ್ಲಿ ಹೆಚ್ಚು ಹೊತ್ತು ಕಳೆಯುವವರೇ ಹೇಳಬೇಕು. ನಿಮ್ಮ ತಾಯಿಯವರ ಮಾತು ಸರಿಯಾಗಿಯೇ ಇದೆ.

ಮೊದಲು ಒಂದು ಪರೀಕ್ಷೆ ಮಾಡಿ. ಅವರು ದಿನವೂ ಕೂರುವ ಜಾಗದಲ್ಲಿ ನೀವೂ ಕುಳಿತು, ಕಿಟಕಿಯಿಂದ ಆಕಾಶದ ಒಂದು ತುಣುಕಾದರೂ ಕಾಣುತ್ತದೆಯೇ ಎಂದು ನೋಡಿ. ಕಾಣದಿದ್ದರೆ, ಕಿಟಕಿ ಎಷ್ಟೇ ದೊಡ್ಡದಿದ್ದರೂ ಆ ಜಾಗಕ್ಕೆ ಬರುತ್ತಿರುವುದು ಎದುರಿನ ಗೋಡೆಗೆ ತಾಗಿ ಹಿಂದಿರುಗಿದ ಬೆಳಕು ಮಾತ್ರ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣ ಸೆಕೆಯ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದರಷ್ಟು, ತೇವದ ಸೆಕೆಯ ಪ್ರದೇಶದಲ್ಲಿ ಆರನೆಯ ಒಂದರಷ್ಟು ಕಿಟಕಿ ಇರಬೇಕೆನ್ನುತ್ತದೆ. ಈ ಲೆಕ್ಕ ಅಳೆಯುವುದು ಕಿಟಕಿಯನ್ನು. ಮೂರಡಿ ದೂರದಲ್ಲಿ ಎದ್ದುನಿಂತ ಗೋಡೆಯನ್ನಲ್ಲ. ಆದ್ದರಿಂದಲೇ ಕಾಗದದ ಮೇಲೆ ಎಲ್ಲವೂ ಸರಿಯಿರುವ ಮನೆಯೂ ಹಗಲಲ್ಲಿ ಮಬ್ಬಾಗಿರಬಹುದು.

ಹಾಗಿರುವಾಗ ಎದುರಿನ ಗೋಡೆಯೇ ನಿಮ್ಮ ಕಿಟಕಿಯ ಆಕಾಶವೆಂದು ತಿಳಿಯಿರಿ. ಸಿಮೆಂಟಿನ ಬೂದು ಗೋಡೆಗಿಂತ ಸುಣ್ಣ ಬಳಿದ ಬಿಳಿ ಗೋಡೆ ಎಷ್ಟೋ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ. ನೆರೆಯವರೊಡನೆ ಮಾತನಾಡಿ, ನಿಮ್ಮ ಖರ್ಚಿನಲ್ಲೇ ಆ ಭಾಗಕ್ಕೆ ಬಿಳಿ ಬಳಿಸಲು ಒಪ್ಪಿಗೆ ಪಡೆಯಿರಿ. ನನ್ನ ಮಟ್ಟಿಗೆ, ಆರು ದೀಪಗಳಿಗಿಂತ ಈ ಒಂದು ಮಾತುಕತೆಯೇ ಹೆಚ್ಚು ಫಲ ಕೊಡುತ್ತದೆ. ಒಳಗಿನ ಗೋಡೆ, ಛಾವಣಿಗಳೂ ತಿಳಿಬಣ್ಣದಲ್ಲಿರಲಿ.

ಮರೆಗಾಗಿ ಪರದೆಯನ್ನು ಪೂರ್ತಿ ಎಳೆದಿಟ್ಟಿದ್ದೀರಾ? ಒತ್ತೊತ್ತಾದ ಮನೆಗಳಲ್ಲಿ ಹಗಲು ದೀಪ ಉರಿಯಲು ಇದೂ ಒಂದು ಕಾರಣ. ಕೋಣೆಯ ಒಳಭಾಗಕ್ಕೆ ಬೆಳಕು ತಲುಪಿಸುವುದು ಕಿಟಕಿಯ ಮೇಲ್ಭಾಗ. ಕೆಳಗಿನ ಅರ್ಧಕ್ಕೆ ಮಾತ್ರ ಪರದೆಯನ್ನೋ ಮಸುಕು ಗಾಜನ್ನೋ ಹಾಕಿ, ಮೇಲಿನರ್ಧವನ್ನು ತೆರೆದಿಡಿ. ಮನೆಯ ಮೇಲೆ ಬೇರೆ ಅಂತಸ್ತು ಇಲ್ಲದಿದ್ದರೆ ಛಾವಣಿಯಲ್ಲಿ ಒಂದು ಬೆಳಕಿಂಡಿಯನ್ನು ಯೋಚಿಸಬಹುದು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳಲ್ಲಿಯೂ, ಮಲೆನಾಡಿನ ಹಂಚಿನ ಮಾಡಿನ ನಡುವೆ ಗಾಜಿನ ಹಂಚು ಕೂರಿಸಿದ ಅಡುಗೆಮನೆಗಳಲ್ಲಿಯೂ ನಮ್ಮ ಹಿರಿಯರು ಮಾಡಿದ್ದು ಇದನ್ನೇ: ಗೋಡೆ ತಡೆದ ಆಕಾಶವನ್ನು ನೆತ್ತಿಯಿಂದ ಒಳಗೆ ಕರೆದುಕೊಂಡರು.

ಇನ್ನು ದೀಪದ ವಿಷಯ. ಛಾವಣಿಯಲ್ಲಿ ಹುದುಗಿಸಿದ ದೀಪಗಳು ಬಹುಪಾಲು ನೆಲವನ್ನು ಬೆಳಗುತ್ತವೆ, ಗೋಡೆಗಳು ಮಂಕಾಗಿಯೇ ಉಳಿಯುತ್ತವೆ. ನಾವು ಕೋಣೆಯನ್ನು ಬೆಳಕೆಂದೋ ಕತ್ತಲೆಂದೋ ಭಾವಿಸುವುದು ಮುಖ್ಯವಾಗಿ ಕಣ್ಣೆದುರಿನ ಗೋಡೆಗಳನ್ನು ನೋಡಿ. ಆರರಲ್ಲಿ ಎರಡನ್ನು ನಂದಿಸಿ, ಗೋಡೆಯನ್ನೇ ಬೆಳಗುವ ಎರಡು ದೀಪ ಹಾಕಿ ನೋಡಿ. ಇಷ್ಟಾದರೂ ಬಿರುಬಿಸಿಲಿನ ಒಂದು ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿಗೆ ಹೊಂದಿಕೊಂಡ ಜೀವಕ್ಕೆ ಇನ್ನೂರು ಮುನ್ನೂರು ಲಕ್ಸ್‌ನ ಕೋಣೆ ದಿನಪೂರ್ತಿ ಒಗ್ಗದು. ಅಮ್ಮನವರ ಕುರ್ಚಿಗೆ ಬೆಳಗಿನ ಒಂದು ಗಂಟೆಯಾದರೂ ಮಹಡಿಯ ಮೇಲೋ ಬಾಗಿಲ ಜಗಲಿಯಲ್ಲೋ ಜಾಗ ಮಾಡಿಕೊಡಿ.

ಪ್ರಶ್ನೆ: ನನಗೆ 64 ವರ್ಷ. ಮನೆಯ ಟ್ಯೂಬ್‌ಲೈಟುಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿದ ಮೇಲೆ ಕಣ್ಣಿಗೆ ಚುಚ್ಚಿದಂತಾಗುತ್ತದೆ, ಆದರೆ ಪತ್ರಿಕೆ ಓದಲು ಬೆಳಕು ಸಾಲದು. ಬಿಳಿ ಬೆಳಕು ಒಳ್ಳೆಯದೋ, ಹಳದಿ ಒಳ್ಳೆಯದೋ?
— ಓದುಗರೊಬ್ಬರು, ಸಾಗರ

ಉತ್ತರ: ಚುಚ್ಚುವುದೂ ಸಾಲದಿರುವುದೂ ಒಟ್ಟಿಗೇ ಆಗುವುದು ವಿಚಿತ್ರವೇನಲ್ಲ. ಇಪ್ಪತ್ತರ ವಯಸ್ಸಿನ ಕಣ್ಣಿನ ಅಕ್ಷಿಪಟಲವನ್ನು ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗವಷ್ಟೇ ಅರವತ್ತು ದಾಟಿದ ಕಣ್ಣಿನ ಅಕ್ಷಿಪಟಲವನ್ನು ತಲುಪುತ್ತದೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ; ಆ ಮಸೂರದಲ್ಲಿ ಬೆಳಕು ಚದುರುವುದರಿಂದ ಬರಿಯ ದೀಪವನ್ನು ನೇರ ನೋಡಿದರೆ ಕಣ್ಣು ಕೋರೈಸುತ್ತದೆ. ಹೀಗಾಗಿ ನಿಮಗೆ ಬೇಕಾದದ್ದು ಪುಟದ ಮೇಲೆ ಹೆಚ್ಚು ಬೆಳಕು, ಕಣ್ಣಿಗೆ ಕಾಣುವಲ್ಲಿ ಕಡಿಮೆ ಬೆಳಕು. ಅದಕ್ಕೆ ಮುಚ್ಚಳವಿರುವ ಮೇಜಿನ ದೀಪವೇ ಸರಿ.

ಡಬ್ಬಿಯ ಮೇಲೆ ವ್ಯಾಟ್ ನೋಡಬೇಡಿ, ಅದು ವಿದ್ಯುತ್ತಿನ ಲೆಕ್ಕ. ಬೆಳಕಿನ ಲೆಕ್ಕ ಲ್ಯೂಮೆನ್. ಬಣ್ಣವನ್ನು ಕೆಲ್ವಿನ್ ಅಂಕಿ ಹೇಳುತ್ತದೆ: 2700–3000 ಇದ್ದರೆ ಹಳದಿ ಛಾಯೆ, 6500 ಇದ್ದರೆ ನೀಲಿ ಬೆರೆತ ಬಿಳಿ. ರಾತ್ರಿ ಊಟದ ನಂತರ ಹಳದಿಯೇ ಇರಲಿ, ಏಕೆಂದರೆ ನೀಲಿ ಹೆಚ್ಚಿರುವ ಬೆಳಕು ನಿದ್ದೆಯನ್ನು ಬರಿಸುವ ಮೆಲಟೋನಿನ್ ಸ್ರವಿಸುವುದನ್ನು ತಡೆಯುತ್ತದೆ. ಅಡುಗೆಮನೆಗೆ ಸಿಆರ್‌ಐ (ದೀಪವು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90ರ ಆಸುಪಾಸಿನ ದೀಪ ಸಿಕ್ಕರೆ ಕೊಳ್ಳಿ. ಸೊಪ್ಪಿನ ಹಸಿರು ಬಾಡಿದೆಯೋ ಇಲ್ಲವೋ ಎಂಬುದು ಅದರಲ್ಲಿ ತಿಳಿಯುತ್ತದೆ. ಆ ದೀಪ ನಿಂತವರ ಬೆನ್ನ ಹಿಂದಲ್ಲ, ಅಡುಗೆ ಕಟ್ಟೆಯ ಮೇಲೆಯೇ ಇರಬೇಕು. ಇಲ್ಲದಿದ್ದರೆ ಹೆಚ್ಚುವ ಕೈಯ ಮೇಲೆ ತಮ್ಮ ನೆರಳೇ ಬೀಳುತ್ತದೆ.

ಪ್ರಶ್ನೆ: ನಮ್ಮ ಪಡುವಣ ಕಿಟಕಿಗೆ ಎರಡಡಿ ಸಜ್ಜಾ ಹಾಕಿಸಿದರೂ ಸಂಜೆ ಕೂರಲಾಗುವುದಿಲ್ಲ. ತೆಂಕಣ ಕಿಟಕಿಯಲ್ಲಿ ಈ ತೊಂದರೆಯಿಲ್ಲ. ಏಕೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮೂರಿನಲ್ಲಿ ಡಿಸೆಂಬರ್ ಕೊನೆಯ ನಡುಹಗಲಿನಲ್ಲಿಯೂ ಸೂರ್ಯ ತೆಂಕಣ ದಿಕ್ಕಿನಲ್ಲಿ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಬಿಸಿಲನ್ನು ಸಜ್ಜಾ ಬಹುಮಟ್ಟಿಗೆ ತಡೆಯುತ್ತದೆ. ಸಂಜೆಯ ಬಿಸಿಲು ಕಿಟಕಿಗೆ ನೇರವಾಗಿ, ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ. ಕಿಟಕಿಯ ಹೊರಗೆ ಬಿದಿರಿನ ತೆರೆ ಇಳಿಬಿಡಿ; ಒಳಗಿನ ಪರದೆ ಬೆಳಕನ್ನು ತಡೆದರೂ, ಅಷ್ಟರಲ್ಲಿ ಕಾವು ಗಾಜನ್ನು ದಾಟಿ ಕೋಣೆಗೆ ಬಂದಿರುತ್ತದೆ. ಅಂಗಳದಲ್ಲಿ ಜಾಗವಿದ್ದರೆ ಈ ಮಳೆಗಾಲದಲ್ಲೇ ಕಿಟಕಿಯ ಎದುರಿಗೆ ಒಂದು ಹೊಂಗೆ ಸಸಿ ನೆಡಿ.