ಮಸೂದೆಯಿಂದ ಬೊಕ್ಕಸಕ್ಕೆ ಹೊರೆಯಿಲ್ಲ ಎಂದರೆ ನಂಬಬಹುದೇ?

ಅಮೆರಿಕದಲ್ಲಿ ಸಣ್ಣ ಉದ್ದಿಮೆ ನಡೆಸುವ ಓದುಗರೊಬ್ಬರ ಪತ್ರ: "ಯಂತ್ರ, ಸರಕು, ಬರಬೇಕಾದ ಬಾಕಿ ಇವನ್ನು ಆಧಾರವಾಗಿಟ್ಟು ಪಡೆಯುವ ಸಾಲದ ಕಾನೂನನ್ನು, ಅಂದರೆ ಯುಸಿಸಿ (ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಎಂಬ ಏಕರೂಪ ವಾಣಿಜ್ಯ ಸಂಹಿತೆ) 9ನೇ ಆರ್ಟಿಕಲ್ ಅನ್ನು, ತಿದ್ದುವ ಮಸೂದೆ ನಮ್ಮ ರಾಜ್ಯದ ಶಾಸನಸಭೆಗೆ ಬಂದಿದೆ. ಜೊತೆಗಿರುವ ಹಣಕಾಸು ಟಿಪ್ಪಣಿ 'ಬಜೆಟ್ ಮೇಲೆ ಪರಿಣಾಮ ಅತ್ಯಲ್ಪ' ಎನ್ನುತ್ತದೆ. ಇಷ್ಟು ಉದ್ದದ ಮಸೂದೆಗೆ ಇದು ನಂಬುವ ಮಾತೇ?"

ಸಂಪಾದಕರ ಉತ್ತರ:

ಮಸೂದೆ ಎಷ್ಟು ಪುಟ ಎಂಬುದರಿಂದ ಖರ್ಚು ತಿಳಿಯುವುದಿಲ್ಲ. ಅರ್ಜಿಗಳು ಯಾವ ಕಚೇರಿಗೆ ಹೋಗುತ್ತವೆ, ಎಷ್ಟು ಬರುತ್ತವೆ, ಅಲ್ಲಿನ ತಂತ್ರಾಂಶದಲ್ಲಿ ಏನು ಬದಲಾಗಬೇಕು ಎಂಬುದನ್ನು ನೋಡಬೇಕು. ಆಧಾರದ ಮೇಲೆ ತಮಗೆ ಹಕ್ಕಿದೆ ಎಂದು ಸಾರುವ ಯುಸಿಸಿ-1 ನಮೂನೆಯನ್ನು ಸಾಲ ಕೊಟ್ಟವರು ಶುಲ್ಕ ಕಟ್ಟಿ ದಾಖಲಿಸುತ್ತಾರೆ. ಸಾಮಾನ್ಯವಾಗಿ ಅದು 5 ವರ್ಷ ಊರ್ಜಿತ. ಅವಧಿ ಮುಗಿಯುವ ಹಿಂದಿನ 6 ತಿಂಗಳೊಳಗೆ ಯುಸಿಸಿ-3 ಎಂಬ ಇನ್ನೊಂದು ನಮೂನೆ ಹಾಕಿ ಮುಂದುವರಿಸಬೇಕು. ರಾಜ್ಯಕ್ಕೆ ಬರುವ ಆದಾಯವೆಂದರೆ ಈ ಶುಲ್ಕ ಮತ್ತು ದಾಖಲೆಗಳ ಹುಡುಕಾಟದ ಶುಲ್ಕ.

ಹಣ ನಿಜವಾಗಿ ಜಾಗ ಬದಲಿಸಿದ್ದು 2001ರಲ್ಲಿ. ಆ ವರ್ಷದ ಜುಲೈ 1ರಿಂದ ಹೆಚ್ಚಿನ ರಾಜ್ಯಗಳಲ್ಲಿ ಜಾರಿಗೆ ಬಂದ ಪರಿಷ್ಕರಣೆ, ಸರಕು ಇರುವ ರಾಜ್ಯದ ಬದಲು ಸಾಲಗಾರ ಕಂಪನಿ ನೋಂದಣಿಯಾದ ರಾಜ್ಯದಲ್ಲಿ ದಾಖಲಿಸಿ ಎಂದಿತು. ಕಾರ್ಖಾನೆ ಓಹಿಯೊದಲ್ಲಿದ್ದರೂ ಕಂಪನಿ ಡೆಲವೇರ್‌ನದಾದರೆ ಶುಲ್ಕ ಡೆಲವೇರ್‌ಗೆ. ಬಹುಪಾಲು ದಾಖಲಾತಿ ರಾಜ್ಯದ ಕೇಂದ್ರ ಕಚೇರಿಗೆ ಸೇರಿದ್ದರಿಂದ ಕೌಂಟಿ (ಜಿಲ್ಲೆಯಂಥ ಘಟಕ) ಕಚೇರಿಗಳ ಗಳಿಕೆಗೂ ಪೆಟ್ಟು. ಹಳೆಯ ಜಾಗದ ದಾಖಲೆಗಳಿಗೆ ಹೆಚ್ಚೆಂದರೆ 2006ರ ಜೂನ್ 30ರವರೆಗೆ ಜೀವವಿತ್ತು; ಅಷ್ಟರೊಳಗೆ ಹೊಸ ಜಾಗದಲ್ಲಿ ಮತ್ತೆ ಯುಸಿಸಿ-1 ಹಾಕಬೇಕಿತ್ತು. ಇಂಥ ಪರಿವರ್ತನೆಯಲ್ಲಿ ಶುಲ್ಕ ಮೊದಲು ಉಬ್ಬಿ, ಆಮೇಲೆ ಇಳಿಯುತ್ತದೆ. ಮೊದಲ ವರ್ಷದ ಅಂಕಿಯನ್ನೇ ನಂಬಿ ಬಜೆಟ್ ಬರೆದರೆ ಲೆಕ್ಕ ತಪ್ಪುತ್ತದೆ.

2010ರಲ್ಲಿ ರೂಪಿಸಿ 2013ರ ಜುಲೈ 1ರಿಂದ ಹೆಚ್ಚಿನ ಕಡೆ ಜಾರಿಯಾದ ತಿದ್ದುಪಡಿ ದಾಖಲಿಸುವ ಜಾಗವನ್ನು ಮುಟ್ಟಲಿಲ್ಲ, ಹಾಗಾಗಿ ಆದಾಯ ಅಲುಗಲಿಲ್ಲ. ಅದು ಬಿಗಿ ಮಾಡಿದ್ದು ಸಾಲಗಾರರ ಹೆಸರಿನ ನಿಯಮ. ಹೆಚ್ಚಿನ ರಾಜ್ಯಗಳು ಆಯ್ದ ಪರ್ಯಾಯದಲ್ಲಿ, ಸಾಲಗಾರರು ಕಂಪನಿಯಲ್ಲದೆ ವ್ಯಕ್ತಿಯಾಗಿದ್ದು ಊರ್ಜಿತದಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದರಲ್ಲಿರುವ ಹೆಸರೇ ನಮೂನೆಯಲ್ಲೂ ಇರಬೇಕು. ನಮ್ಮವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂಬ ಅಕ್ಷರಗಳು ಸೇರುವುದುಂಟು. ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿ ಕೂರುವುದುಂಟು. ಸಾಲಪತ್ರದಲ್ಲಿ ಒಂದು, ಲೈಸೆನ್ಸಿನಲ್ಲಿ ಇನ್ನೊಂದು ಇದ್ದು, ಸರಿಯಾದ ಹೆಸರಿನಲ್ಲಿ ಹುಡುಕಿದಾಗ ಕಚೇರಿಯ ತಂತ್ರಾಂಶಕ್ಕೆ ಆ ದಾಖಲೆ ಸಿಗದಿದ್ದರೆ, ದಾಖಲೆಯೇ ನಿಷ್ಪರಿಣಾಮ. ಅಂದರೆ ಹುಡುಕುವ ತರ್ಕದ ಒಂದು ಸಾಲು ಕೋಡ್ ಕೂಡ ಸಾಲಗಾರರ ಹಕ್ಕನ್ನಲ್ಲ, ಸಾಲ ಕೊಟ್ಟವರ ಹಕ್ಕನ್ನು ತೀರ್ಮಾನಿಸುತ್ತದೆ. ಟಿಪ್ಪಣಿಯಲ್ಲಿ 'ಈಗಿರುವ ಅನುದಾನದಲ್ಲೇ ನಿಭಾಯಿಸಬಹುದು' ಎಂದು ಬರೆದು ಮುಗಿಸುವ ಕೆಲಸ ಇದೇ: ನಮೂನೆಯ ಅಂಕಣ, ಆನ್‌ಲೈನ್ ಪುಟ, ಸಿಬ್ಬಂದಿ ತರಬೇತಿ, ಹುಡುಕಾಟದ ಪರೀಕ್ಷೆ. ನನ್ನ ದೃಷ್ಟಿಯಲ್ಲಿ ಈ ಕೊನೆಯದಕ್ಕೆ ಹಣ ಪ್ರತ್ಯೇಕವಾಗಿ ತೆಗೆದಿಡಲೇಬೇಕು.

ನಿಮ್ಮ ಮುಂದಿರುವುದು 2022ರ ಮಾದರಿಯ ಮಸೂದೆಯಾಗಿದ್ದರೆ, ಅದು 12ನೇ ಆರ್ಟಿಕಲ್ ಸೇರಿಸಿ ಕ್ರಿಪ್ಟೋದಂಥ ಡಿಜಿಟಲ್ ಆಸ್ತಿಯ ಮೇಲೆ 'ನಿಯಂತ್ರಣ' ಹೊಂದಿದವರಿಗೆ ಆದ್ಯತೆ ಕೊಡುತ್ತದೆ. ಅಂಥ ಆಸ್ತಿಗೂ ಯುಸಿಸಿ-1 ದಾಖಲಿಸುವ ದಾರಿ ತೆರೆದೇ ಇದೆ, ನಿಯಂತ್ರಣಕ್ಕೆ ಕಚೇರಿಯ ದಾಖಲೆ ಬೇಕಿಲ್ಲ. ಆದ್ದರಿಂದ 'ಪರಿಣಾಮ ಅತ್ಯಲ್ಪ' ಎಂಬ ಮಾತನ್ನು ಇಲ್ಲಿಯ ಮಟ್ಟಿಗೆ ಒಪ್ಪಬಹುದು.

ಸಮಿತಿಯ ವಿಚಾರಣೆಗೆ ಹೋಗುವುದಾದರೆ ಇವನ್ನು ಕೇಳಿ: ಶುಲ್ಕ ಸೇರುವುದು ಸಾಮಾನ್ಯ ನಿಧಿಗೋ, ಕಚೇರಿಯದೇ ನಿಧಿಗೋ? ತಂತ್ರಾಂಶದ ಗುತ್ತಿಗೆದಾರರು ಈ ಬದಲಾವಣೆಗೆ ಹೆಚ್ಚುವರಿ ಬಿಲ್ ಹಾಕುತ್ತಾರೋ? ಜಾರಿಯ ದಿನಾಂಕ ಕಚೇರಿಗೆ ಪರೀಕ್ಷೆಗೆ ಎಷ್ಟು ತಿಂಗಳು ಬಿಡುತ್ತದೆ?