ಫ್ರೀವೇ ಇಂಟರ್‌ಚೇಂಜ್‌ನಲ್ಲಿ ಅಪಘಾತ: ನಿಮ್ಮ ಕ್ಲೇಮು ಬೇರೆ, ನಿಮ್ಮ ತಾಯಿಯವರ ಕ್ಲೇಮು ಬೇರೆ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಮೂರು ವಾರಗಳ ಹಿಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 280 ಫ್ರೀವೇಯಿಂದ 880 ಫ್ರೀವೇಗೆ ಹೊರಳುವ ರ‍್ಯಾಂಪ್ ಹಿಡಿದಿದ್ದಿರಿ. ಎಡಗಡೆಯ ಲೇನಿನಲ್ಲಿ ನೇರ ಹೋಗುತ್ತಿದ್ದ ಇನ್ನೊಂದು ಕಾರು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ, ಬಿಳಿ ಗೆರೆಗಳ ತ್ರಿಕೋನವನ್ನು ಅಡ್ಡ ಹಾಯ್ದು ಬಂದು ನಿಮ್ಮ ಕಾರಿನ ಎಡ ಹಿಂಬಾಗಿಲಿಗೆ ಬಡಿಯಿತು. ಮೈಸೂರಿನಿಂದ ಬಂದಿದ್ದ ನಿಮ್ಮ ತಾಯಿ ಅದೇ ಬಾಗಿಲಿನ ಪಕ್ಕ ಕುಳಿತಿದ್ದರು, ಅವರ ಮಣಿಕಟ್ಟಿನ ಮೂಳೆ ಮುರಿದಿದೆ. ಆ ಚಾಲಕನ ವಿಮಾ ಕಂಪನಿಯವರು ದಿನ ಬಿಟ್ಟು ದಿನ ಫೋನ್ ಮಾಡಿ ಹೇಳಿಕೆ ಕೇಳುತ್ತಿದ್ದಾರೆ, ಹಳದಿ ಫಲಕದಲ್ಲಿ 35 ಮೈಲಿ ಎಂದಿದ್ದರೂ ನೀವು 45ರಲ್ಲಿ ಇದ್ದಿರಿ ಎಂಬ ಮಾತನ್ನೂ ಎತ್ತಿದ್ದಾರೆ. ನಿಮಗೆ ಕಾನೂನಿನಲ್ಲಿ ಯಾವ ದಾರಿಗಳಿವೆ ಎಂದು ಕೇಳಿದ್ದೀರಿ.

ನಾನು ವಕೀಲನಲ್ಲ. ಏಳು ವರ್ಷದ ಹಿಂದೆ 101 ಮತ್ತು 880 ಕೂಡುವ ಕಡೆ ನನಗೂ ಇಂಥದೇ ಅಪಘಾತವಾಗಿತ್ತು. ಮಾರನೆಯ ದಿನ ಎದುರು ಪಕ್ಷದ ವಿಮೆಯವರು ಫೋನ್ ಮಾಡಿ ‘ಹೇಗಿದ್ದೀರಿ’ ಎಂದು ಕೇಳಿದಾಗ, ನಮ್ಮ ಕಡೆ ಯಾರು ಕೇಳಿದರೂ ಹೇಳುವ ಹಾಗೆ ‘ಏನೂ ಇಲ್ಲ, ಆರಾಮಾಗಿದ್ದೇನೆ’ ಎಂದುಬಿಟ್ಟೆ. ಆ ಮಾತು ಧ್ವನಿಮುದ್ರಣವಾಗುತ್ತಿತ್ತು. ವಾರದೊಳಗೆ ಒಂದು ಸಣ್ಣ ಚೆಕ್ಕಿನ ಜೊತೆ ಬಂದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಕುತ್ತಿಗೆಯ ನರ ಒತ್ತಿಕೊಂಡಿರುವುದು ಎರಡು ತಿಂಗಳ ಮೇಲೆ ಎಂಆರ್‌ಐನಲ್ಲಿ ಕಾಣಿಸಿತು, ಅಷ್ಟರಲ್ಲಿ ಕೇಳುವ ಹಕ್ಕು ಮುಗಿದುಹೋಗಿತ್ತು. ಅಂದಿನಿಂದ ಪರಿಚಯದ ಕನ್ನಡಿಗರಿಗೆ ಇಂಥ ಸಂದರ್ಭ ಬಂದಾಗ ಅವರ ಜೊತೆ ವಕೀಲರ ಕಚೇರಿಗೆ ಹೋಗಿ ಕುಳಿತು, ತಂದೆತಾಯಿಯರಿಗೆ ಅನುವಾದ ಮಾಡಿದ್ದೇನೆ. ಹಾಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ. ಇದೆಲ್ಲ ಕ್ಯಾಲಿಫೋರ್ನಿಯಾದ ಕಾನೂನು. ಬೇರೆ ರಾಜ್ಯಗಳಲ್ಲಿ ಲೆಕ್ಕ ಬೇರೆ.

ಮೊದಲು ತಪ್ಪು ಯಾರದು ಎಂಬ ವಿಚಾರ. ಇಂಟರ್‌ಚೇಂಜ್‌ಗಳಲ್ಲಿ ಎರಡೂ ಕಡೆಯವರು ‘ಅವನೇ ನನ್ನ ಲೇನಿಗೆ ಬಂದ’ ಎನ್ನುವುದು ಸಾಮಾನ್ಯ. ಕ್ಯಾಲಿಫೋರ್ನಿಯಾ ವಾಹನ ಸಂಹಿತೆಯ 22107ನೇ ಸೆಕ್ಷನ್ ಪ್ರಕಾರ ಸುರಕ್ಷಿತವೆಂದು ಖಚಿತವಾಗುವ ತನಕ ಪಕ್ಕಕ್ಕೆ ಸರಿಯುವಂತಿಲ್ಲ, 21658ನೇ ಸೆಕ್ಷನ್ ಪ್ರಕಾರ ಲೇನ್ ಬಿಡುವ ಮುನ್ನ ಅದೇ ಎಚ್ಚರ ಬೇಕು. ತ್ರಿಕೋನ ದಾಟಿ ಬಂದವನ ವಿರುದ್ಧ ಇವೆರಡೂ ನಿಲ್ಲುತ್ತವೆ. ಹಳದಿ ಫಲಕದ 35 ಎಂಬುದು ಸಲಹೆಯ ವೇಗ, ಬಿಳಿ ಫಲಕದ ಮಿತಿಯಂಥದ್ದಲ್ಲ. ಆದರೂ ರಸ್ತೆಯ ಸ್ಥಿತಿಗೆ ತಕ್ಕ ವೇಗದಲ್ಲಿರಬೇಕು ಎನ್ನುವ 22350ನೇ ಸೆಕ್ಷನ್ ಇರುವುದರಿಂದ ಆ ಮಾತನ್ನು ನಿಮ್ಮ ವಿರುದ್ಧ ಬಳಸಲು ಅವರಿಗೆ ಅವಕಾಶವಿದೆ, ಖಂಡಿತ ಬಳಸುತ್ತಾರೆ.

ಇಲ್ಲಿ ನಿಮ್ಮ ದೊಡ್ಡ ಸಾಕ್ಷಿ ಕಾರಿನ ಬಾಗಿಲು. ರಿಪೇರಿಗೆ ಬಿಡುವ ಮುನ್ನ ಅದನ್ನು ಹತ್ತಿರದಿಂದ, ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಗೀರು ಎಲ್ಲಿ ಆರಂಭವಾಗಿ ಯಾವ ಕಡೆಗೆ ಸಾಗಿದೆ, ಕಿತ್ತ ಬಣ್ಣದ ಪುಡಿ ಯಾವ ತುದಿಯಲ್ಲಿ ಗುಡ್ಡೆಯಾಗಿದೆ ಎಂದು ನೋಡಿ. ಗೀರು ಹಿಂಚಕ್ರದ ಕಡೆಯಿಂದ ಮುಂದಿನ ಬಾಗಿಲಿನತ್ತ ಸಾಗಿದ್ದರೆ, ತಾಗಿದ ಕ್ಷಣದಲ್ಲಿ ಆತ ನಿಮಗಿಂತ ವೇಗವಾಗಿದ್ದ ಎಂದು ಅರ್ಥ; ನಿಮ್ಮ 45ರ ಬಗ್ಗೆ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ರಸ್ತೆ ಮೇಲೆ ರಾಜ್ಯದ ಸಾರಿಗೆ ಇಲಾಖೆ ಹಾಕಿರುವ ಕ್ಯಾಲ್‌ಟ್ರಾನ್ಸ್ ಕ್ಯಾಮೆರಾದಲ್ಲಿ ಎಲ್ಲ ಸಿಗುತ್ತದೆ ಎಂದು ಕಾಯಬೇಡಿ, ಅವು ಸಂಚಾರ ನೋಡುವುದಕ್ಕಿರುವಂಥವು, ರೆಕಾರ್ಡ್ ಇಡುವುದಕ್ಕಲ್ಲ. ಡ್ಯಾಶ್‌ಕ್ಯಾಮ್ ಇದ್ದರೆ ಕಾರ್ಡನ್ನು ಇವತ್ತೇ ತೆಗೆದಿಡಿ. ಫ್ರೀವೇ ಅಪಘಾತವಾದ್ದರಿಂದ ವರದಿ ಬರೆದವರು ಹೈವೇ ಪೆಟ್ರೋಲ್, ಅಂದರೆ ಸಿಎಚ್‌ಪಿ. 190ನೇ ನಮೂನೆ ತುಂಬಿ ಕೊಟ್ಟರೆ ಪ್ರತಿ ಸಿಗುತ್ತದೆ. ಆ ವರದಿಯನ್ನೇ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಒಡ್ಡುವಂತಿಲ್ಲವಾದರೂ, ವಿಮೆಯವರು ಮಾತುಕತೆಯುದ್ದಕ್ಕೂ ಅದನ್ನೇ ಹಿಡಿದು ಮಾತಾಡುತ್ತಾರೆ. ತಪ್ಪು ಇದ್ದರೆ ತಿದ್ದಿಸುವ ಪ್ರಯತ್ನವನ್ನು ಈಗಲೇ ಮಾಡಬೇಕು.

ನಿಮ್ಮದೂ ಸ್ವಲ್ಪ ತಪ್ಪಿದೆ ಎಂದು ತೀರ್ಮಾನವಾದರೆ ಎಲ್ಲವೂ ಹೋಯಿತು ಎಂದು ತಿಳಿಯಬೇಡಿ. 1975ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್, ಸ್ವಲ್ಪ ತಪ್ಪಿದ್ದರೂ ಏನೂ ಸಿಗದು ಎಂಬ ಹಳೆಯ ನಿಯಮವನ್ನು ಕೈಬಿಟ್ಟಿತು. ಅಂದಿನಿಂದ ತಪ್ಪಿನ ಪಾಲನ್ನು ಶೇಕಡಾವಾರು ಹಂಚುತ್ತಾರೆ. ನಿಮ್ಮ ಪಾಲು ಶೇ 20 ಎಂದಾದರೆ ನಿಮ್ಮ ಪರಿಹಾರದಲ್ಲಿ ಶೇ 20 ಕಡಿತವಾಗುತ್ತದೆ, ಅಷ್ಟೆ.

ಈಗ ನಿಮ್ಮ ತಾಯಿಯವರ ವಿಷಯ. ನೀವು ಪ್ರಶ್ನೆಯಲ್ಲಿ ಎಲ್ಲ ಕಡೆಯೂ ‘ನಮ್ಮ ಕ್ಲೇಮು’ ಎಂದು ಬರೆದಿದ್ದೀರಿ. ಮನೆಯಲ್ಲಿ ಅದು ಸರಿ, ಕಾನೂನಿನಲ್ಲಿ ಅಲ್ಲ. ಅವರು ಪ್ರಯಾಣಿಕರು, ಅವರ ಮೇಲೆ ಸಾಮಾನ್ಯವಾಗಿ ತಪ್ಪಿನ ಪಾಲು ಬೀಳುವುದಿಲ್ಲ. ಆದರೆ ನಿಮ್ಮ ಮೇಲೆ ಬಿದ್ದ ಪಾಲು ಅವರ ಪರಿಹಾರವನ್ನು ಒಂದು ವಿಚಿತ್ರ ರೀತಿಯಲ್ಲಿ ಮುಟ್ಟುತ್ತದೆ. 1986ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 51ರ ಪ್ರಕಾರ, ಆಸ್ಪತ್ರೆ ಖರ್ಚಿನಂಥ ಲೆಕ್ಕಕ್ಕೆ ಸಿಗುವ ನಷ್ಟವನ್ನು ತಪ್ಪಿತಸ್ಥರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲು ಮಾಡಬಹುದು. ನೋವು ಮತ್ತು ಯಾತನೆಗೆ ಕೊಡುವ ಹಣವನ್ನು ಮಾತ್ರ ಅವರವರ ತಪ್ಪಿನ ಪಾಲಿನಷ್ಟೇ ಕೇಳಬಹುದು.

ಅರ್ಥವಾಗಲೆಂದು ಅಂಕಿಗಳನ್ನು ಊಹಿಸಿ ಹೇಳುತ್ತೇನೆ. ತಾಯಿಯವರ ಆಸ್ಪತ್ರೆ ಖರ್ಚು 20,000 ಡಾಲರ್, ನೋವಿನ ಪರಿಹಾರ 50,000 ಡಾಲರ್, ನಿಮ್ಮ ತಪ್ಪಿನ ಪಾಲು ಶೇ 20 ಎಂದಿಟ್ಟುಕೊಳ್ಳಿ. ಆಸ್ಪತ್ರೆಯ 20,000 ಪೂರ್ತಿಯಾಗಿ ಎದುರು ಚಾಲಕನಿಂದ ಬರಬಹುದು. ನೋವಿನ ಬಾಬ್ತಿನಲ್ಲಿ ಆತ ಕೊಡಬೇಕಾದದ್ದು 40,000 ಮಾತ್ರ. ಉಳಿದ 10,000 ಡಾಲರನ್ನು ತಾಯಿ ಯಾರನ್ನು ಕೇಳಬೇಕು? ನಿಮ್ಮನ್ನು, ಅಂದರೆ ನಿಮ್ಮ ಕಾರಿನ ವಿಮೆಯನ್ನು.

ಇಲ್ಲಿಗೆ ಬಂದಾಗ ನಮ್ಮವರೆಲ್ಲ ನಿಂತುಬಿಡುತ್ತಾರೆ. ‘ಹೆತ್ತ ಮಗನ ಮೇಲೆ ಕೇಸ್ ಹಾಕಲೇ’ ಎಂದು ಒಬ್ಬ ತಾಯಿ ವಕೀಲರ ಮುಂದೆ ಕಣ್ಣೀರು ಹಾಕಿದ್ದನ್ನು ನಾನೇ ಅನುವಾದಿಸಿದ್ದೇನೆ. ಪಾಲಿಸಿಯ ಮಿತಿಯೊಳಗಿನ ಹಣವನ್ನು ಕೊಡುವುದು ವಿಮಾ ಕಂಪನಿ, ಮಗನ ಕಿಸೆಯಲ್ಲ ಎಂದು ಅವರಿಗೆ ವಿವರಿಸಲು ಅರ್ಧ ಗಂಟೆ ಹಿಡಿಯಿತು. ನೀವು ವರ್ಷಾನುಗಟ್ಟಲೆ ಪ್ರೀಮಿಯಂ ಕಟ್ಟಿರುವುದು ನಿಮ್ಮ ತಪ್ಪಿನಿಂದ ಇನ್ನೊಬ್ಬರಿಗೆ ಆಗುವ ನಷ್ಟ ತುಂಬುವುದಕ್ಕೇ, ಆ ಇನ್ನೊಬ್ಬರು ತಾಯಿಯೂ ಆಗಿರಬಹುದು. ಆದರೆ ಪಾಲಿಸಿಯನ್ನು ತೆಗೆದು ಓದಿ. ಒಂದೇ ಮನೆಯಲ್ಲಿ ವಾಸಿಸುವ ಬಂಧುಗಳ ಗಾಯವನ್ನು ಅನೇಕ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಆರು ತಿಂಗಳ ವೀಸಾದಲ್ಲಿ ಬಂದ ತಾಯಿ ‘ವಾಸಿಸುವವರೋ’, ‘ಅತಿಥಿಯೋ’ ಎಂಬುದೇ ಆಗ ವಾದದ ವಸ್ತುವಾಗುತ್ತದೆ. ಹಾಗಾಗಿ ಯಾರು ಕೇಳಿದರೂ ‘ಅಮ್ಮ ನಮ್ಮ ಜೊತೆಗೇ ಇರುತ್ತಾರೆ’ ಎಂದು ಸಲೀಸಾಗಿ ಹೇಳಿಬಿಡಬೇಡಿ. ಯಾವಾಗ ಬಂದರು, ಹಿಂದಿರುಗುವ ಟಿಕೆಟ್ ಯಾವಾಗಿನದು ಎಂಬ ನಿಜವನ್ನು ಹಾಗೆಯೇ ಹೇಳಿ.

ಇದೇ ಕಾರಣಕ್ಕೆ ನಿಮಗೂ ತಾಯಿಯವರಿಗೂ ಒಬ್ಬರೇ ವಕೀಲರನ್ನು ಇಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ವಕೀಲರಿಗೆ ನಿಮ್ಮ ಪಾಲಿನ ತಪ್ಪನ್ನೂ ಎತ್ತಿ ತೋರಿಸುವ ಸ್ವಾತಂತ್ರ್ಯ ಇರಬೇಕು, ನಿಮ್ಮ ವಕೀಲರ ಕೆಲಸ ಅದನ್ನು ಕಡಿಮೆ ಮಾಡುವುದು.

ಎದುರು ಪಕ್ಷದಲ್ಲಿ ಎಷ್ಟು ಹಣ ಇದೆ ಎಂಬುದೂ ಮುಖ್ಯ. ಬಹಳ ಕಾಲ ಇಲ್ಲಿ ಕನಿಷ್ಠ ವಿಮೆ ಒಬ್ಬರಿಗೆ 15,000 ಡಾಲರ್ ಇತ್ತು. 2025ರ ಜನವರಿ 1ರಿಂದ ಹೊಸದಾಗಿ ಕೊಡುವ ಇಲ್ಲವೇ ನವೀಕರಿಸುವ ಪಾಲಿಸಿಗಳಲ್ಲಿ ಅದು ಒಬ್ಬರಿಗೆ 30,000, ಒಂದು ಅಪಘಾತಕ್ಕೆ 60,000, ಆಸ್ತಿ ನಷ್ಟಕ್ಕೆ 15,000 ಆಗಿದೆ. ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾದರೆ 30,000 ಎಲ್ಲಿಗೂ ಸಾಲದು. ಆಗ ನಿಮ್ಮದೇ ಪಾಲಿಸಿಯ ‘ಅಂಡರ್‌ಇನ್ಶೂರ್ಡ್ ಮೋಟರಿಸ್ಟ್’ ಭಾಗ ಕೈ ಹಿಡಿಯುತ್ತದೆ, ನಿಮ್ಮ ಕಾರಿನಲ್ಲಿ ಕುಳಿತಿದ್ದ ತಾಯಿಯವರಿಗೂ ಅದು ಅನ್ವಯವಾಗುತ್ತದೆ. ಆದರೆ ಎದುರು ಪಕ್ಷದ ಮಿತಿ ಪೂರ್ತಿ ಬಂದ ಮೇಲೆಯೇ ಅದನ್ನು ಕೇಳಬಹುದು, ಬಂದ ಹಣವನ್ನು ನಿಮ್ಮ ಮಿತಿಯಿಂದ ಕಳೆಯುತ್ತಾರೆ. ನಿಮ್ಮ ಮಿತಿ 1,00,000 ಇದ್ದು ಆ ಕಡೆಯಿಂದ 30,000 ಬಂದರೆ, ಇದರಿಂದ ಸಿಗುವುದು ಹೆಚ್ಚೆಂದರೆ 70,000.

ಆಸ್ಪತ್ರೆ ಬಿಲ್ಲಿನ ಬಗ್ಗೆ: ಪಾಲಿಸಿಯಲ್ಲಿ ‘ಮೆಡ್‌ಪೇ’ ಇದ್ದರೆ ತಪ್ಪು ಯಾರದೆಂದು ನೋಡದೆ ಅದು ತಾಯಿಯವರ ಖರ್ಚಿಗೆ ಕೊಡುತ್ತದೆ, ಮೊದಲು ಅದನ್ನು ಕೇಳಿ. ಪ್ರವಾಸಿ ವಿಮೆ ಇದ್ದರೆ ಅದಕ್ಕೂ ತಿಳಿಸಿ. ಬಿಲ್ಲಿನಲ್ಲಿ ಮುದ್ರಿತವಾದ ದೊಡ್ಡ ಮೊತ್ತವೇ ಪರಿಹಾರವಾಗಿ ಬರುತ್ತದೆಂದು ನಂಬಬೇಡಿ. ವಿಮೆ ಮಾತುಕತೆಯಲ್ಲಿ ಕಡಿಮೆ ಮಾಡಿಸಿ ಕಟ್ಟಿದ್ದರೆ, ಕಟ್ಟಿದ ಮೊತ್ತವನ್ನಷ್ಟೇ ಕೇಳಬಹುದು ಎಂದು 2011ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಗಡುವುಗಳು. ಯಾರಿಗಾದರೂ ಗಾಯವಾಗಿದ್ದರೆ ಇಲ್ಲವೇ ನಷ್ಟ 1,000 ಡಾಲರ್ ಮೀರಿದ್ದರೆ, ತಪ್ಪು ಯಾರದೇ ಇರಲಿ, ಹತ್ತು ದಿನದೊಳಗೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಎಸ್‌ಆರ್-1 ನಮೂನೆ ಸಲ್ಲಿಸಬೇಕು. ಪೊಲೀಸ್ ವರದಿ ಆಗಿದೆ ಎಂದು ಇದನ್ನು ಬಿಡುವಂತಿಲ್ಲ. ನಿಮ್ಮ ಹತ್ತು ದಿನ ಕಳೆದಿದೆ. ಏಜೆಂಟರು ಸಲ್ಲಿಸಿದ್ದಾರೆಯೇ ಕೇಳಿ, ಇಲ್ಲದಿದ್ದರೆ ಇಂದೇ ಕಳಿಸಿ, ಏಕೆಂದರೆ ಲೈಸೆನ್ಸ್ ಅಮಾನತಾಗಬಹುದು. ದೇಹದ ಗಾಯಕ್ಕೆ ದಾವೆ ಹೂಡಲು ಎರಡು ವರ್ಷ, ಕಾರಿನ ನಷ್ಟಕ್ಕೆ ಮೂರು ವರ್ಷ ಕಾಲಾವಕಾಶವಿದೆ. ವಿಮೆಯವರ ಜೊತೆ ಮಾತುಕತೆ ನಡೆಯುತ್ತಿದೆ ಎಂಬ ಮಾತ್ರಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ.

ರಸ್ತೆಯಲ್ಲೇ ದೋಷವಿತ್ತೇ ಎಂದೂ ಯೋಚಿಸಿ. ತ್ರಿಕೋನದ ಬಣ್ಣ ಮಾಸಿ ಗೆರೆ ಕಾಣದಂತಾಗಿತ್ತೇ, ಎಕ್ಸಿಟ್ ಫಲಕ ಬಿದ್ದುಹೋಗಿತ್ತೇ? ಹಾಗಿದ್ದರೆ ರಾಜ್ಯದ ಮೇಲೂ ಕ್ಲೇಮು ಮಾಡಬಹುದು, ಆದರೆ ಅದಕ್ಕಿರುವುದು ಆರೇ ತಿಂಗಳು. ಸರ್ಕಾರಕ್ಕೆ ಲಿಖಿತ ಕ್ಲೇಮು ಕೊಡದೆ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಅವರು ಬರಹದಲ್ಲಿ ತಿರಸ್ಕರಿಸಿದರೆ ಅಲ್ಲಿಂದ ಮತ್ತೆ ಆರು ತಿಂಗಳೊಳಗೆ ದಾವೆ ಹೂಡಬೇಕು. ಅನುಮೋದಿತ ನಕ್ಷೆಯಂತೆ ಕಟ್ಟಿದ ರಸ್ತೆಗೆ ವಿನ್ಯಾಸದ ರಕ್ಷಣೆ ಇದೆ ಎಂದು ಅವರು ವಾದಿಸುತ್ತಾರೆ, ಬಹಳ ಸಲ ಗೆಲ್ಲುತ್ತಾರೆ ಕೂಡ. ಆದರೂ ಅಪಾಯದ ಬಗ್ಗೆ ಎಚ್ಚರಿಸದಿರುವುದು ಬೇರೆಯೇ ತಪ್ಪು, ಆ ರಕ್ಷಣೆ ಅದಕ್ಕೆ ತಾನಾಗಿ ತಗಲುವುದಿಲ್ಲ ಎಂದು 2023ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಅನುಮಾನವಿದ್ದರೆ ಈಗಲೇ ಹೋಗಿ ನೋಡುವುದು ಒಳ್ಳೆಯದು. ಹೊಸ ಬಣ್ಣ ಬಳಿದ ಮೇಲೆ ಹಳೆಯ ಗೆರೆಯ ಸ್ಥಿತಿಯನ್ನು ತೋರಿಸುವುದು ಕಷ್ಟ. ದಯವಿಟ್ಟು ಕಾರು ನಿಲ್ಲಿಸಿ ತೆಗೆಯಬೇಡಿ. ಪಕ್ಕದಲ್ಲಿ ಕುಳಿತವರು ಹಾದುಹೋಗುವಾಗ ವಿಡಿಯೊ ಮಾಡಲಿ.

ಕಾರಿನ ನಷ್ಟವನ್ನು ಗಾಯದ ಕ್ಲೇಮಿನಿಂದ ಬೇರೆಯಾಗಿ, ಬೇಗ ಮುಗಿಸಿಕೊಳ್ಳಬಹುದು. ಸಹಿ ಹಾಕುವ ಪತ್ರದಲ್ಲಿ ‘ಆಸ್ತಿ ನಷ್ಟಕ್ಕೆ ಮಾತ್ರ’ ಎಂದು ಇರುವುದನ್ನು ನೋಡಿಕೊಳ್ಳಿ. ಜಗಳವಾದರೆ 12,500 ಡಾಲರ್‌ವರೆಗೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ, ಅಲ್ಲಿ ವಕೀಲರಿಲ್ಲದೆ ನೀವೇ ವಾದಿಸಬೇಕು.

ನಿಮ್ಮ ಇನ್ನೊಂದು ಭಯ, ಕೇಸ್ ಹಾಕಿದರೆ ತಾಯಿಯವರ ವೀಸಾ ವಿಷಯವನ್ನು ಎಳೆದು ತರುತ್ತಾರೆಯೇ ಎಂಬುದು. ಗಾಯದ ದಾವೆಯಲ್ಲಿ ವಲಸೆ ಸ್ಥಿತಿಯನ್ನು ಸಾಕ್ಷ್ಯವಾಗಿ ತರುವಂತಿಲ್ಲ ಎಂದು ಇಲ್ಲಿನ ಸಾಕ್ಷ್ಯ ಸಂಹಿತೆಯ 351.2ನೇ ಸೆಕ್ಷನ್ ಹೇಳುತ್ತದೆ. ಊರಿನಲ್ಲಿರುವ ನಿಮ್ಮ ಮಾವನವರು ‘ವಿಮಾ ಕಂಪನಿಯ ಮೇಲೇ ಕೇಸ್ ಹಾಕಿ’ ಎಂದಿರುವುದು ನಮ್ಮ ಮೋಟಾರು ಅಪಘಾತ ನ್ಯಾಯಮಂಡಳಿಯ ಅಭ್ಯಾಸದಿಂದ. ಅಲ್ಲಿ ವಿಮಾ ಕಂಪನಿಯೂ ಪ್ರತಿವಾದಿಯಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ದಾವೆ ಹೂಡುವುದು ಚಾಲಕನ ಮೇಲೆ, ಅವನ ಪರವಾಗಿ ವಕೀಲರನ್ನು ಕಳಿಸುವುದು ವಿಮೆ.

ಗಾಯದ ಪ್ರಕರಣಗಳಲ್ಲಿ ವಕೀಲರು ಮುಂಗಡ ಶುಲ್ಕ ಕೇಳುವುದಿಲ್ಲ, ಬಂದ ಹಣದಲ್ಲಿ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾರೆ. ಆ ಪಾಲನ್ನು ಖರ್ಚು ಕಳೆಯುವ ಮೊದಲು ಲೆಕ್ಕ ಹಾಕುತ್ತಾರೋ, ಕಳೆದ ಮೇಲೋ ಎಂದು ಸಹಿಗೆ ಮುಂಚೆ ಕೇಳಿ.

ನಾಳೆ ಅವರು ಮತ್ತೆ ಫೋನ್ ಮಾಡಿದಾಗ, ಧ್ವನಿಮುದ್ರಿತ ಹೇಳಿಕೆ ಕೊಡುವುದಿಲ್ಲ, ವಕೀಲರ ಮೂಲಕ ಬರೆಯುತ್ತೇವೆ ಎಂದಷ್ಟೇ ಹೇಳಿ. ಎದುರು ಪಕ್ಷದ ವಿಮೆಗೆ ಹೇಳಿಕೆ ಕೊಡುವ ಬಾಧ್ಯತೆ ನಿಮಗಿಲ್ಲ. ನಿಮ್ಮ ಸ್ವಂತ ವಿಮೆಗೆ ಸಹಕರಿಸುವ ಬಾಧ್ಯತೆ ಇದೆ. ಫೋನನ್ನು ತಾಯಿಯವರ ಕೈಗೆ ಕೊಡಬೇಡಿ. ಅವರು ಮೈಸೂರಿಗೆ ಹೊರಡುವ ಮುನ್ನ ಮೂಳೆ ವೈದ್ಯರು ಪ್ಲಾಸ್ಟರ್ ಬಿಚ್ಚಿದ ಮೇಲಿನ ಸ್ಥಿತಿಯನ್ನು, ಬೆರಳು ಎಷ್ಟು ಮಡಚುತ್ತದೆ, ಪಾತ್ರೆ ಎತ್ತಲಾಗುತ್ತದೆಯೇ ಎಂಬಷ್ಟು ವಿವರವಾಗಿ ಬರೆದುಕೊಡಲಿ, ಎಕ್ಸ್‌ರೇಗಳ ಪ್ರತಿಯೂ ಜೊತೆಗಿರಲಿ. ಮುಂದಿನ ಚಿಕಿತ್ಸೆ ಮೈಸೂರಿನಲ್ಲಿ ನಡೆದರೆ ಅಲ್ಲಿನ ಪ್ರತಿ ರಸೀದಿಯನ್ನೂ ದಿನಾಂಕದೊಂದಿಗೆ ಫೋಟೊ ತೆಗೆದು ಅವರ ವಕೀಲರಿಗೆ ಕಳಿಸುತ್ತಿರಿ.